ದಾವಣಗೆರೆಯಿಂದ ಫಿಡೆ ಪಟ್ಟಿಯವರೆಗೆ: ಚೆಸ್ ಆಡುವ ಮಕ್ಕಳ ಪೋಷಕರಿಗೆ ಒಂದು ಕೈಪಿಡಿ

ಮಗಳೋ ಮಗನೋ ಶಾಲೆಯ ಪಂದ್ಯಾವಳಿಯಲ್ಲಿ ಕಪ್ ಗೆದ್ದು ಬಂದ ಮೇಲೆ ನಮ್ಮ ದಾವಣಗೆರೆಯ ಪೋಷಕರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, “ರೇಟಿಂಗ್ ಎಲ್ಲಿ ಮಾಡಿಸಬೇಕು?” ಎಂಬುದು. ರೇಟಿಂಗ್ ಎಂದರೆ ಆಟಗಾರನ ಬಲವನ್ನು ಒಂದು ಅಂಕಿಯಲ್ಲಿ ಹೇಳುವ ಅಳತೆ. ಆಧಾರ್ ಮಾಡಿಸಿದ ಹಾಗೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿದ ಹಾಗೆ ರೇಟಿಂಗನ್ನೂ ಮಾಡಿಸಬಹುದು ಎಂಬ ಎಣಿಕೆ ಆ ಮಾತಿನೊಳಗೇ ಇದೆ. ಆದರೆ ಮಾಡಿಸಬಹುದಾದದ್ದು ನೋಂದಣಿ ಮಾತ್ರ. ರೇಟಿಂಗ್ ಆಡಿಯೇ ಬರಬೇಕು. ಈ ಎರಡನ್ನೂ ಒಂದೇ ಎಂದು ತಿಳಿದು ಹಣ, ರಜೆ ಮತ್ತು ಮಗುವಿನ ಉತ್ಸಾಹ ಮೂರನ್ನೂ ಕಳೆದುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ, ನಮ್ಮ ಮನೆಯಲ್ಲೂ ಅದು ನಡೆದಿದೆ. ಮಗಳನ್ನು ವರ್ಷಗಟ್ಟಲೆ ಪಂದ್ಯಾವಳಿಗಳಿಗೆ ಕರೆದೊಯ್ದು ತಿಳಿದುಕೊಂಡದ್ದನ್ನು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪೋಷಕರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಆಟವನ್ನು ಹೇಗೆ ಆಡಬೇಕೆಂಬುದನ್ನು ತರಬೇತುದಾರರು ಕಲಿಸುತ್ತಾರೆ. ರೇಟಿಂಗಿನ ಲೆಕ್ಕವನ್ನು ಮನೆಯಲ್ಲಿಯೇ ಮಾಡುವುದು ಹೇಗೆ, ಆ ಲೆಕ್ಕ ಯಾವ ಯಾವ ಸಂಸ್ಥೆಗಳ ಕೈ ದಾಟಿ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಕೂಡಿಸಿಕೊಂಡು ಹೇಳುವುದಿಲ್ಲ, ಮತ್ತು ನಮ್ಮಂಥ ಊರಿನವರಿಗೆ ಹೆಚ್ಚು ನಷ್ಟವಾಗುವುದು ಅಲ್ಲಿಯೇ.

ನೋಂದಣಿ ಮತ್ತು ಹೆಸರಿನ ತೊಡಕು

ದೇಶದ ಮಟ್ಟದಲ್ಲಿ ಈ ಆಟವನ್ನು ನಡೆಸುವ ಸಂಸ್ಥೆ ಅಖಿಲ ಭಾರತ ಚೆಸ್ ಫೆಡರೇಷನ್. 1951ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು ಎಲ್ಲರೂ ಎಐಸಿಎಫ್ ಎಂದೇ ಕರೆಯುತ್ತಾರೆ. ಅದರ ಮೇಲೆ, 1924ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ ಈಗ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಿಂದ ನಡೆಯುತ್ತಿರುವ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡೆ ಇದೆ. ಕೆಳಗೆ ಕರ್ನಾಟಕ ರಾಜ್ಯ ಚೆಸ್ ಸಂಸ್ಥೆ ಇದ್ದು, ಅದರ ಕೆಳಗೆ ಜಿಲ್ಲಾ ಸಂಸ್ಥೆಗಳಿವೆ. ಮೊದಲು ಎಐಸಿಎಫ್‌ನ ಜಾಲತಾಣದಲ್ಲಿ ಮಗುವಿನ ಜನನ ಪ್ರಮಾಣಪತ್ರ ಮತ್ತು ಭಾವಚಿತ್ರದೊಂದಿಗೆ ಆಟಗಾರರ ನೋಂದಣಿ ಮಾಡಿಸಬೇಕು. ಇದನ್ನು ಕಾಲಕಾಲಕ್ಕೆ ಶುಲ್ಕ ಕಟ್ಟಿ ನವೀಕರಿಸುತ್ತಿರಬೇಕು. ಫಿಡೆ ಗುರುತು ಸಂಖ್ಯೆ ಬರುವುದು ಈ ರಾಷ್ಟ್ರೀಯ ಸಂಸ್ಥೆಯ ಮೂಲಕವೇ, ಮತ್ತು ಒಮ್ಮೆ ಬಂದ ಸಂಖ್ಯೆ ಕೊನೆಯವರೆಗೂ ಅದೇ.

ಇಲ್ಲಿ ಅವಸರ ಮಾಡಬೇಡಿ. ನಮ್ಮ ಕಡೆ ಹೆಸರಿನ ಮುಂದೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಇಡುವುದು ರೂಢಿ, ಮನೆತನದ ಹೆಸರನ್ನು ಬಿಡಿಸಿ ಬರೆಯುವ ಅಭ್ಯಾಸ ಕಡಿಮೆ. ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಮೂರನೆಯ ರೀತಿ ಇರುತ್ತದೆ. ನಮ್ಮ ಮಗಳ ಹೆಸರನ್ನು ಒಂದು ಪಂದ್ಯಾವಳಿಯ ಸಂಘಟಕರು ಇನಿಷಿಯಲ್ ಬಿಟ್ಟು ಬರೆದುಕೊಂಡಿದ್ದರಿಂದ ಅವಳಿಗೆ ಎರಡನೆಯ ಫಿಡೆ ಸಂಖ್ಯೆ ಹುಟ್ಟಿಕೊಂಡಿತು; ಮೂರು ಆಟ ಒಂದು ಸಂಖ್ಯೆಗೆ, ನಾಲ್ಕು ಆಟ ಇನ್ನೊಂದಕ್ಕೆ ಜಮೆಯಾದವು, ಅವೆರಡನ್ನೂ ಒಂದುಗೂಡಿಸುವ ಹೊತ್ತಿಗೆ ಹಲವು ತಿಂಗಳು ಹಿಡಿಯಿತು. ಆದ್ದರಿಂದ ಪಾಸ್‌ಪೋರ್ಟಿನಲ್ಲಿ ಹೇಗೆ ಇರಬೇಕೆಂದು ಮೊದಲೇ ತೀರ್ಮಾನಿಸಿ, ಆ ಅಕ್ಷರಗಳನ್ನೇ ಎಲ್ಲ ಕಡೆ ಕೊಡಿ, ಪ್ರತಿ ಪಂದ್ಯಾವಳಿಯ ಅರ್ಜಿಯಲ್ಲಿ ಹೆಸರಿನ ಜೊತೆಗೆ ಫಿಡೆ ಸಂಖ್ಯೆಯನ್ನು ತಪ್ಪದೆ ಬರೆಯಿರಿ.

ಯಾವ ಪಂದ್ಯಾವಳಿ ಲೆಕ್ಕಕ್ಕೆ ಬರುತ್ತದೆ

ವಾಟ್ಸಾಪ್‌ನಲ್ಲಿ ಬರುವ ಕರಪತ್ರದಲ್ಲಿ “ರಾಜ್ಯಮಟ್ಟದ ಮುಕ್ತ ಚೆಸ್ ಪಂದ್ಯಾವಳಿ” ಎಂದು ದೊಡ್ಡದಾಗಿ ಅಚ್ಚಾಗಿದ್ದ ಮಾತ್ರಕ್ಕೆ ಅದು ರೇಟಿಂಗಿಗೆ ಸೇರುತ್ತದೆಂದು ಅರ್ಥವಲ್ಲ. ಫಿಡೆಯ ರೇಟಿಂಗ್ ಜಾಲತಾಣದಲ್ಲಿ ದೇಶವಾರು, ತಿಂಗಳವಾರು ಪಂದ್ಯಾವಳಿಗಳ ಪಟ್ಟಿ ಇರುತ್ತದೆ. ಸಂಘಟಕರು ಎಐಸಿಎಫ್ ಮೂಲಕ ಮುಂಚಿತವಾಗಿ ನೋಂದಾಯಿಸಿದ್ದರೆ ಪಂದ್ಯಾವಳಿಯ ಹೆಸರು, ದಿನಾಂಕ ಮತ್ತು ಊರು ಆ ಪಟ್ಟಿಯಲ್ಲಿ ಕಾಣಿಸಬೇಕು. ಶುಲ್ಕ ಕಟ್ಟುವ ಮೊದಲೇ ಅದನ್ನು ನೋಡಿಕೊಳ್ಳಿ. ನಮ್ಮ ಮೊದಲ ಅನುಭವದಲ್ಲಿ ಕರಪತ್ರದ ಮೇಲೆ ರೇಟಿಂಗ್ ಎಂಬ ಪದ ಇತ್ತು, ಸಮುದಾಯ ಭವನದಲ್ಲಿ ಎರಡು ದಿನ ಆಟ ನಡೆಯಿತು, ಪದಕವೂ ಬಂತು. ಆಮೇಲೆ ತಿಂಗಳುಗಟ್ಟಲೆ ಪ್ರತಿ ಒಂದನೆಯ ತಾರೀಖು ಹೊರಬರುವ ಫಿಡೆ ರೇಟಿಂಗ್ ಪಟ್ಟಿ ನೋಡಿದರೂ ಮಗಳ ಹೆಸರಿನ ಮುಂದೆ ಏನೂ ಬರಲಿಲ್ಲ, ಏಕೆಂದರೆ ಆ ಪಂದ್ಯಾವಳಿಯನ್ನು ಎಲ್ಲಿಯೂ ನೋಂದಾಯಿಸಿಯೇ ಇರಲಿಲ್ಲ.

ಕಾಲಮಿತಿಯನ್ನೂ ಗಮನಿಸಬೇಕು. ಫಿಡೆಯ ಬಳಿ ಮೂರು ಬೇರೆ ಬೇರೆ ರೇಟಿಂಗುಗಳಿವೆ. ಒಬ್ಬ ಆಟಗಾರನಿಗೆ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯವಿದ್ದರೆ ಅದು ಬ್ಲಿಟ್ಜ್. ಹತ್ತಕ್ಕಿಂತ ಹೆಚ್ಚು, ಅರವತ್ತಕ್ಕಿಂತ ಕಡಿಮೆ ಇದ್ದರೆ ರ‍್ಯಾಪಿಡ್. ಅದಕ್ಕೂ ಮೇಲ್ಪಟ್ಟದ್ದು ಸ್ಟ್ಯಾಂಡರ್ಡ್, ಅಂದರೆ ನಾವು ಕ್ಲಾಸಿಕಲ್ ಎನ್ನುವ ಆಟ. ಭಾನುವಾರ ಒಂದೇ ದಿನದಲ್ಲಿ ಮುಗಿಯುವ ಪಂದ್ಯಾವಳಿ ರ‍್ಯಾಪಿಡ್ ರೇಟಿಂಗನ್ನು ಕೊಡಬಹುದೇ ಹೊರತು ಸ್ಟ್ಯಾಂಡರ್ಡ್ ರೇಟಿಂಗನ್ನಲ್ಲ, ಮತ್ತು ಗ್ರ್ಯಾಂಡ್‌ಮಾಸ್ಟರ್‌ನಂಥ ಪ್ರಮುಖ ಬಿರುದುಗಳೆಲ್ಲ ನಿಂತಿರುವುದು ಸ್ಟ್ಯಾಂಡರ್ಡ್ ರೇಟಿಂಗಿನ ಮೇಲೆ. ತೊಂಬತ್ತು ನಿಮಿಷದ ಜೊತೆಗೆ ಪ್ರತಿ ನಡೆಗೆ ಮೂವತ್ತು ಸೆಕೆಂಡ್ ಸೇರುವ ಪಂದ್ಯಾವಳಿ ಎಂದರೆ ಒಂದು ಆಟ ನಾಲ್ಕು ಗಂಟೆ ನಡೆಯಬಹುದು, ಒಂಬತ್ತು ಸುತ್ತಿಗೆ ನಾಲ್ಕೈದು ದಿನ ಬೇಕು. ಅದು ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರಿನಂಥ ಊರುಗಳಲ್ಲಿ ಇರುತ್ತದೆ. ದಾವಣಗೆರೆಯವರಿಗೆ ಬೆಂಗಳೂರು–ಹುಬ್ಬಳ್ಳಿ ಮುಖ್ಯ ರೈಲು ಮಾರ್ಗದ ಅನುಕೂಲವಿದೆ. ಚಿತ್ರದುರ್ಗ ಚಿಕ್ಕಜಾಜೂರು–ಬಳ್ಳಾರಿ ಮಾರ್ಗದಲ್ಲಿರುವುದರಿಂದ ಅಲ್ಲಿಯವರು ಹೆದ್ದಾರಿಯ ಬಸ್ಸನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಪ್ರವೇಶ ಶುಲ್ಕಕ್ಕಿಂತ ವಸತಿ, ಊಟ ಮತ್ತು ಜೊತೆಗೆ ಹೋಗುವವರ ರಜೆಯೇ ದೊಡ್ಡ ಖರ್ಚು. ಆದ್ದರಿಂದ ವರ್ಷಕ್ಕೆ ಹತ್ತು ಕಡೆ ಓಡಾಡುವುದಕ್ಕಿಂತ, ಎಚ್ಚರದಿಂದ ಆರಿಸಿದ ಮೂರು ಅಥವಾ ನಾಲ್ಕು ದೀರ್ಘ ಪಂದ್ಯಾವಳಿಗಳು ಸಾಕೆಂಬುದು ನನ್ನ ಅಭಿಪ್ರಾಯ.

ಶಿಕ್ಷಣ ಇಲಾಖೆಯ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟದ ಚೆಸ್ ಬೇರೆಯದೇ ದಾರಿ. ಅದರ ಪ್ರಮಾಣಪತ್ರಕ್ಕೆ ಅದರದೇ ಬೆಲೆ ಇದೆ, ಆದರೆ ಅದು ಫಿಡೆ ರೇಟಿಂಗಿಗೆ ಸೇರುವುದಿಲ್ಲ.

ಮೊದಲ ರೇಟಿಂಗಿನ ಲೆಕ್ಕ

ರೇಟಿಂಗ್ ಇಲ್ಲದ ಮಗುವಿಗೆ ಮೊದಲ ಅಂಕಿ ಬರಬೇಕಾದರೆ ರೇಟಿಂಗ್ ಇರುವ ಕನಿಷ್ಠ ಐದು ಎದುರಾಳಿಗಳ ವಿರುದ್ಧ ಆಡಿರಬೇಕು. ಒಂದೇ ಪಂದ್ಯಾವಳಿಯಲ್ಲಿ ಐದು ಆಗದಿದ್ದರೆ ಮುಂದಿನದರಲ್ಲಿ ಕೂಡಿಸಬಹುದು, ಇಪ್ಪತ್ತಾರು ತಿಂಗಳೊಳಗೆ ಆಡಿದವು ಒಟ್ಟಿಗೆ ಸೇರುತ್ತವೆ. ಮೊದಲ ಪಂದ್ಯಾವಳಿಯಲ್ಲಿ ಅಂಥವರೆದುರು ಒಂದೂ ಅಂಕ ಬಾರದಿದ್ದರೆ ಆ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2024ರ ಮಾರ್ಚ್ 1ರಿಂದ ಜಾರಿಗೆ ಬಂದ ನಿಯಮದಂತೆ, ಆಡಿದ ಎದುರಾಳಿಗಳ ಜೊತೆಗೆ 1800 ರೇಟಿಂಗಿನ ಇಬ್ಬರು ಕಾಲ್ಪನಿಕ ಎದುರಾಳಿಗಳನ್ನು ಸೇರಿಸಿ, ಅವರೊಡನೆ ಡ್ರಾ ಆಯಿತೆಂದು ಭಾವಿಸಿ ಲೆಕ್ಕ ಹಾಕುತ್ತಾರೆ.

ಒಂದು ಉದಾಹರಣೆಯನ್ನು ಪೆನ್ನು ಹಿಡಿದು ಮಾಡಿ ನೋಡಿ. ಮಗು ಆಡಿದ ಐವರ ರೇಟಿಂಗ್ 1450, 1500, 1550, 1600, 1500 ಎಂದಿರಲಿ. ಇವುಗಳ ಮೊತ್ತ 7600. ಎರಡು 1800 ಸೇರಿದರೆ 11200. ಏಳರಿಂದ ಭಾಗಿಸಿದರೆ ಸರಾಸರಿ 1600. ಮಗು ಐದರಲ್ಲಿ 2 ಅಂಕ ಗಳಿಸಿದ್ದರೆ, ಎರಡು ಕಾಲ್ಪನಿಕ ಡ್ರಾಗಳ ಒಂದು ಅಂಕ ಸೇರಿ ಏಳರಲ್ಲಿ 3, ಅಂದರೆ ಶೇಕಡಾ 43. ಫಿಡೆಯ ಕೋಷ್ಟಕದಲ್ಲಿ ಶೇಕಡಾ 43ಕ್ಕೆ ಸರಾಸರಿಯಿಂದ 50 ಅಂಕ ಕಳೆಯಬೇಕೆಂದಿದೆ, ಆದ್ದರಿಂದ ಮೊದಲ ರೇಟಿಂಗ್ 1550. ಅದೇ ಮಗು ಒಂದೇ ಅಂಕ ಗಳಿಸಿದ್ದರೆ ಶೇಕಡಾ 29, ಕಳೆಯಬೇಕಾದದ್ದು 158, ರೇಟಿಂಗ್ 1442. ಅರ್ಧ ಅಂಕ ಮಾತ್ರ ಬಂದಿದ್ದರೆ ಲೆಕ್ಕ 1370ಕ್ಕೆ ನಿಲ್ಲುತ್ತದೆ. ಪಟ್ಟಿಯ ಕನಿಷ್ಠ ಮಿತಿ 1400 ಆದ್ದರಿಂದ ಹೆಸರು ಬರುವುದೇ ಇಲ್ಲ. “ಐದು ಆಟ ಆಡಿದರೂ ರೇಟಿಂಗ್ ಕೊಡಲಿಲ್ಲ” ಎಂದು ಬೇಸರಪಡುವ ಎಷ್ಟೋ ಪೋಷಕರಿಗೆ ಉತ್ತರ ಈ ಒಂದು ಲೆಕ್ಕದಲ್ಲಿದೆ.

ಏರಿಳಿತದ ಲೆಕ್ಕ

ಈ ಪದ್ಧತಿಯನ್ನು ರೂಪಿಸಿದವರು ಅರ್ಪಾಡ್ ಎಲೊ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರ ಪದ್ಧತಿಯನ್ನು ಅಮೆರಿಕದ ಫೆಡರೇಷನ್ 1960ರಲ್ಲಿ, ಫಿಡೆ 1970ರಲ್ಲಿ ಒಪ್ಪಿಕೊಂಡವು. ಇದರ ತಿರುಳು ಇಷ್ಟು: ಇಬ್ಬರ ರೇಟಿಂಗುಗಳ ವ್ಯತ್ಯಾಸದಿಂದ ಯಾರಿಗೆ ಎಷ್ಟು ಅಂಕ ನಿರೀಕ್ಷಿಸಬಹುದು ಎಂದು ಮೊದಲೇ ಹೇಳಬಹುದು. ಇಬ್ಬರೂ ಸಮವಾದರೆ ತಲಾ 0.50, 100 ಅಂಕ ಹೆಚ್ಚಿದ್ದವರಿಗೆ 0.64, 200 ಹೆಚ್ಚಿದ್ದವರಿಗೆ 0.76, 400 ಹೆಚ್ಚಿದ್ದವರಿಗೆ 0.92. ಪಡೆದ ಅಂಕದಿಂದ ನಿರೀಕ್ಷಿತ ಅಂಕವನ್ನು ಕಳೆದು, ಬಂದದ್ದನ್ನು ಕೆ ಎಂಬ ಗುಣಕದಿಂದ ಗುಣಿಸಿದರೆ ರೇಟಿಂಗಿನ ಬದಲಾವಣೆ ಸಿಗುತ್ತದೆ. ಹೊಸ ಆಟಗಾರರಿಗೆ ಮೊದಲ ಮೂವತ್ತು ಆಟಗಳವರೆಗೆ ಕೆ 40. ಹದಿನೆಂಟು ತುಂಬುವ ವರ್ಷದ ಕೊನೆಯವರೆಗೆ, 2300ರ ಕೆಳಗಿರುವ ಎಲ್ಲ ಮಕ್ಕಳಿಗೂ 40. ಉಳಿದವರಿಗೆ 20, ಒಮ್ಮೆ 2400 ಮುಟ್ಟಿದವರಿಗೆ ಅಲ್ಲಿಂದ ಮುಂದೆ 10.

1500 ರೇಟಿಂಗಿನ ಹುಡುಗಿ 1700ರ ಎದುರಾಳಿಯನ್ನು ಸೋಲಿಸಿದರೆ ಅವಳ ನಿರೀಕ್ಷಿತ ಅಂಕ 0.24 ಆಗಿದ್ದುದರಿಂದ 0.76ನ್ನು 40ರಿಂದ ಗುಣಿಸಿ 30.4 ಅಂಕ ಏರುತ್ತಾಳೆ. ಡ್ರಾ ಆದರೂ 10.4 ಏರುತ್ತಾಳೆ, ಸೋತರೆ 9.6 ಮಾತ್ರ ಇಳಿಯುತ್ತಾಳೆ. ಇಡೀ ಪಂದ್ಯಾವಳಿಯ ಲೆಕ್ಕವೂ ಹೀಗೆಯೇ. ಅವಳ ರೇಟಿಂಗ್ ಹೊಂದಿದ ಎದುರಾಳಿಗಳು 1700, 1600, 1550, 1450, 1600, 1500 ಆಗಿದ್ದರೆ ನಿರೀಕ್ಷಿತ ಅಂಕಗಳ ಮೊತ್ತ 2.46. ಅವರ ವಿರುದ್ಧ ಮೂರೂವರೆ ಅಂಕ ಗಳಿಸಿದರೆ ವ್ಯತ್ಯಾಸ 1.04, ಏರಿಕೆ 41.6, ಹೊಸ ರೇಟಿಂಗ್ 1542. ರೇಟಿಂಗ್ ಇಲ್ಲದವರ ವಿರುದ್ಧ ಆಡಿದ ಉಳಿದ ಸುತ್ತುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಪಂದ್ಯಾವಳಿ ಮುಗಿದ ರಾತ್ರಿಯೇ, ಹಿಂದಿರುಗುವ ರೈಲಿನಲ್ಲಿ ಕುಳಿತು, ಮಗುವಿನ ಕೈಯಲ್ಲೇ ಈ ಲೆಕ್ಕ ಮಾಡಿಸಿ. ಸೋತ ಆಟ ಎಷ್ಟು ದುಬಾರಿ ಆಯಿತೆಂಬ ಭಯ ಅಂಕಿಯನ್ನು ಕಂಡ ಮೇಲೆ ಬಹಳಷ್ಟು ಕಡಿಮೆಯಾಗುತ್ತದೆ. ತಿಂಗಳ ಒಂದನೆಯ ತಾರೀಖು ಹೊಸ ಪಟ್ಟಿ ಬಂದಾಗ ಫಿಡೆಯ ಅಂಕಿಯೊಂದಿಗೆ ಹೋಲಿಸಿ ನೋಡುವುದಕ್ಕೂ ಅದು ನೆರವಾಗುತ್ತದೆ. ತಾಳೆಯಾಗದಿದ್ದರೆ ಪಂದ್ಯಾವಳಿಯ ಮುಖ್ಯ ತೀರ್ಪುಗಾರರಿಗೆ ಬರಹದಲ್ಲಿ ತಿಳಿಸಿ. ಆಡಿದ ಪ್ರತಿ ಆಟದ ಸ್ಕೋರ್‌ಶೀಟ್, ಅಂದರೆ ನಡೆಗಳನ್ನು ಬರೆದ ಹಾಳೆ, ನಿಮ್ಮ ಬಳಿ ಇರಬೇಕು.

ಈ ಲೆಕ್ಕದಿಂದ ಹೊರಡುವ ಒಂದು ಸಂಗತಿಯನ್ನು ನಮ್ಮಂಥ ಜಿಲ್ಲೆಯವರು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ಇಬ್ಬರ ಗುಣಕವೂ ಒಂದೇ ಆಗಿದ್ದರೆ, ಒಬ್ಬರ ಖಾತೆಗೆ ಬಂದ ಅಂಕ ಇನ್ನೊಬ್ಬರ ಖಾತೆಯಿಂದಲೇ ಹೋಗಿರುತ್ತದೆ. ದಾವಣಗೆರೆಯ ಹದಿನೈದು ಮಕ್ಕಳು ಎರಡು ವರ್ಷ ತಮ್ಮತಮ್ಮೊಳಗೇ ಆಡಿಕೊಂಡರೆ ಹದಿನೈದು ಮಂದಿಯ ಆಟವೂ ಎಷ್ಟೋ ಸುಧಾರಿಸಿರಬಹುದು, ಆದರೆ ಅವರ ರೇಟಿಂಗುಗಳ ಮೊತ್ತ ಇದ್ದಲ್ಲಿಯೇ ಇರುತ್ತದೆ. ಒಂದೇ ಕೆರೆಯ ನೀರನ್ನು ಈ ದಡದಿಂದ ಆ ದಡಕ್ಕೆ ಸುರಿದಂತೆ. ಭಾರತದಲ್ಲಿ ವೇಗವಾಗಿ ಬೆಳೆಯುತ್ತಿದ್ದ ಮಕ್ಕಳ ರೇಟಿಂಗ್ ಅವರ ನಿಜವಾದ ಬಲಕ್ಕಿಂತ ಬಹಳ ಕೆಳಗಿದ್ದುದಕ್ಕೆ ಇದೂ ಒಂದು ಕಾರಣ. ಈ ಕುಸಿತವನ್ನು ಸರಿಪಡಿಸಲೆಂದೇ 2024ರ ಮಾರ್ಚ್‌ನಲ್ಲಿ ಫಿಡೆ 2000ಕ್ಕಿಂತ ಕೆಳಗಿದ್ದ ಎಲ್ಲರಿಗೂ, 2000ಕ್ಕೆ ಕಡಿಮೆ ಬಿದ್ದ ಅಂಕದ ಶೇಕಡಾ 40ರಷ್ಟನ್ನು ಒಮ್ಮೆಗೇ ಸೇರಿಸಿಕೊಟ್ಟಿತು. 1000 ಇದ್ದವರು 1400ಕ್ಕೆ, 1500 ಇದ್ದವರು 1700ಕ್ಕೆ ಏರಿದರು. ಹಳೆಯ ರೇಟಿಂಗಿನ ಹೆಮ್ಮೆಯನ್ನೋ ಕೊರಗನ್ನೋ ಇಟ್ಟುಕೊಂಡಿರುವವರು ಈ ದಿನಾಂಕದ ಹಿಂದಿನ ಅಂಕಿಯನ್ನೂ ಮುಂದಿನದನ್ನೂ ಹೋಲಿಸಬಾರದು.

ಮುಚ್ಚಿದ ಗುಂಪು ಇನ್ನೊಂದು ದಿಕ್ಕಿನಲ್ಲಿಯೂ ಮೋಸಗೊಳಿಸಬಹುದು. ಅಮೆರಿಕದ ಸೆರೆಮನೆಯಲ್ಲಿದ್ದ ಕ್ಲಾಡ್ ಬ್ಲಡ್‌ಗುಡ್ ಎಂಬ ಕೈದಿ ಹೆಚ್ಚಾಗಿ ಜೊತೆಯ ಕೈದಿಗಳ ವಿರುದ್ಧವೇ ಆಡಿ 1996ರ ವೇಳೆಗೆ ಅಲ್ಲಿನ ರಾಷ್ಟ್ರೀಯ ರೇಟಿಂಗಿನಲ್ಲಿ 2759ಕ್ಕೆ ಏರಿ, ಇಡೀ ದೇಶದಲ್ಲಿ ಎರಡನೆಯ ಸ್ಥಾನದಲ್ಲಿ ಕಾಣಿಸಿಕೊಂಡಿದ್ದರು. ಸೂತ್ರದಲ್ಲಿ ಏನೂ ತಪ್ಪಿರಲಿಲ್ಲ, ಆ ಗುಂಪಿಗೆ ಹೊರಗಿನ ಆಟಗಾರರ ಸಂಪರ್ಕ ಇರಲಿಲ್ಲ ಅಷ್ಟೇ.

ಆದ್ದರಿಂದ ಹೊರಗೆ ಹೋಗಿ, ಬಲವಾದವರ ನಡುವೆ ಆಡಿ. ನಮ್ಮಲ್ಲಿ 1600ಕ್ಕಿಂತ ಕೆಳಗಿನವರಿಗೆ, 1800ಕ್ಕಿಂತ ಕೆಳಗಿನವರಿಗೆ ಎಂದು ಮಿತಿಯಿಟ್ಟು ದೊಡ್ಡ ಬಹುಮಾನದ ಪಂದ್ಯಾವಳಿಗಳು ನಡೆಯುತ್ತವೆ. ಆರಂಭದಲ್ಲಿ ಅವು ಒಳ್ಳೆಯವೇ. ಆದರೆ ಬಹುಮಾನದ ಆಸೆಗೆ ಬೇರೆ ಕಡೆ ಬೇಕೆಂದೇ ಸೋತು ರೇಟಿಂಗನ್ನು ಮಿತಿಯೊಳಗೆ ಇಳಿಸಿಕೊಳ್ಳುವವರೂ ಇದ್ದಾರೆ, ಅಂಥ ಸಲಹೆ ಕೊಡುವ ಹಿರಿಯರೂ ಇದ್ದಾರೆ. ಸೋಲುವುದನ್ನು ಮಗುವಿಗೆ ಕಲಿಸುವ ತರಬೇತುದಾರನಿಂದ ಆ ದಿನವೇ ದೂರವಾಗಬೇಕು. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಬೋರ್ಡಿನ ಮುಂದೆ

ಮನೆಯ ಕಟ್ಟೆಯ ಮೇಲೆ ಆನೆ, ಒಂಟೆ, ಕುದುರೆ ಎನ್ನುತ್ತ ಆಡಿ ಬೆಳೆದ ಮಕ್ಕಳಿಗೆ ಅಲ್ಲಿನ ನಡಾವಳಿ ಹೊಸದಾಗಿರುತ್ತದೆ. ಮುಟ್ಟಿದ ಕಾಯನ್ನು ನಡೆಸಲೇಬೇಕು. ಪ್ರತಿ ನಡೆಗೆ ಮೂವತ್ತು ಸೆಕೆಂಡ್ ಸೇರುವ ಆಟದಲ್ಲಿ ಕೊನೆಯವರೆಗೂ ನಡೆಗಳನ್ನು ಬರೆಯಬೇಕು. ಸುತ್ತಿಗೆ ಎಷ್ಟು ನಿಮಿಷ ತಡವಾದರೆ ಆಟ ಕೈತಪ್ಪುತ್ತದೆಂಬುದನ್ನು ಸಂಘಟಕರು ಮೊದಲೇ ಪ್ರಕಟಿಸಿರುತ್ತಾರೆ, ಅದನ್ನು ಕೇಳಿ ತಿಳಿದುಕೊಳ್ಳಿ. ಮೊಬೈಲ್ ಅಂತೂ ಮಗುವಿನ ಚೀಲದಲ್ಲಿಯೂ ಇರಬಾರದು, ಸಿಕ್ಕಿದರೆ ಆಟ ಸೋತಂತೆ. 2019ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಪಂದ್ಯಾವಳಿಯಲ್ಲಿ ಶೌಚಾಲಯದೊಳಗೆ ಫೋನ್ ಬಳಸಿ ಸಿಕ್ಕಿಬಿದ್ದ ಗ್ರ್ಯಾಂಡ್‌ಮಾಸ್ಟರ್ ಇಗೋರ್ಸ್ ರೌಸಿಸ್ ಅವರ ಬಿರುದನ್ನೇ ಫಿಡೆ ಕಿತ್ತುಕೊಂಡು ಆರು ವರ್ಷ ನಿಷೇಧ ಹಾಕಿತು. ಆಟ ಮುಗಿದ ಮೇಲೆ ಫಲಿತಾಂಶ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಿಯೇ ಮಗು ಸಹಿ ಮಾಡಬೇಕು.

ಬಿರುದುಗಳು

ರೇಟಿಂಗ್ ಏರುತ್ತದೆ, ಇಳಿಯುತ್ತದೆ. ಬಿರುದು ಒಮ್ಮೆ ಬಂದರೆ ಜೀವನಪರ್ಯಂತ. ಕ್ಯಾಂಡಿಡೇಟ್ ಮಾಸ್ಟರ್‌ಗೆ 2200, ಫಿಡೆ ಮಾಸ್ಟರ್‌ಗೆ 2300 ರೇಟಿಂಗ್ ಮುಟ್ಟಿ ಕನಿಷ್ಠ ಮೂವತ್ತು ಆಟ ಆಡಿದ್ದರೆ ಸಾಕು. ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ 2400 ಮತ್ತು ಗ್ರ್ಯಾಂಡ್‌ಮಾಸ್ಟರ್‌ಗೆ 2500 ರೇಟಿಂಗಿನ ಜೊತೆಗೆ ನಾರ್ಮ್‌ಗಳು ಬೇಕು. ಮಹಿಳೆಯರಿಗೆ ಪ್ರತ್ಯೇಕವಾಗಿ ಇರುವ ನಾಲ್ಕು ಬಿರುದುಗಳ ರೇಟಿಂಗ್ ಮಿತಿ 2000, 2100, 2200 ಮತ್ತು 2300. ಹೆಣ್ಣುಮಕ್ಕಳು ಅವುಗಳಲ್ಲಿಯೇ ನಿಲ್ಲಬೇಕೆಂಬ ನಿಯಮವೇನೂ ಇಲ್ಲ, ಎಲ್ಲ ಬಿರುದುಗಳೂ ಅವರಿಗೆ ತೆರೆದಿವೆ. 2025ರ ಜುಲೈನಲ್ಲಿ ಮಹಿಳಾ ವಿಶ್ವಕಪ್ ಗೆದ್ದ ದಿವ್ಯಾ ದೇಶಮುಖ್ ಆ ಗೆಲುವಿನಿಂದಲೇ ನೇರವಾಗಿ ಗ್ರ್ಯಾಂಡ್‌ಮಾಸ್ಟರ್ ಆದರು. ಆದರೆ ಅಂಥ ನೇರ ದಾರಿ ಕೆಲವೇ ಪಂದ್ಯಾವಳಿಗಳಿಗೆ ಇದೆ.

ನಾರ್ಮ್ ಎಂದರೆ ಒಂದು ಪಂದ್ಯಾವಳಿಯಲ್ಲಿ ಆ ಬಿರುದಿಗೆ ತಕ್ಕ ಮಟ್ಟದಲ್ಲಿ ಆಡಿದ್ದಕ್ಕೆ ಸಿಗುವ ದಾಖಲೆ. ಗ್ರ್ಯಾಂಡ್‌ಮಾಸ್ಟರ್ ನಾರ್ಮ್‌ಗೆ ಸಾಮಾನ್ಯವಾಗಿ ಒಂಬತ್ತು ಆಟಗಳಲ್ಲಿ 2600 ಮಟ್ಟದ ಸಾಧನೆ ಬೇಕು, ಎದುರಾಳಿಗಳ ಸರಾಸರಿ 2380 ಇರಬೇಕು, ಅವರಲ್ಲಿ ಕನಿಷ್ಠ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳಾಗಿರಬೇಕು, ಮತ್ತು ನಮ್ಮ ದೇಶ ಬಿಟ್ಟು ಕನಿಷ್ಠ ಎರಡು ದೇಶಗಳ ಆಟಗಾರರು ಎದುರಾಗಿರಬೇಕು. ಇಂಟರ್‌ನ್ಯಾಷನಲ್ ಮಾಸ್ಟರ್‌ಗೆ ಈ ಅಂಕಿಗಳು 2450 ಮತ್ತು 2230. ಇಂಥ ನಾರ್ಮ್‌ಗಳು ಒಟ್ಟು ಇಪ್ಪತ್ತೇಳು ಆಟಗಳಷ್ಟು ಆಗಬೇಕು, ಅಂದರೆ ಸಾಮಾನ್ಯವಾಗಿ ಮೂರು. ವಿದೇಶಿ ಆಟಗಾರರ ಷರತ್ತೇ ನಮ್ಮವರಿಗೆ ದೊಡ್ಡ ಗೋಡೆ. ವಿದೇಶಿಯರು ದೊಡ್ಡ ಸಂಖ್ಯೆಯಲ್ಲಿ ಬರುವ ಮಹಾ ಪಂದ್ಯಾವಳಿಗಳಿಗೆ ಈ ಷರತ್ತಿನಿಂದ ವಿನಾಯಿತಿ ಇದೆ. ಇಲ್ಲವಾದರೆ ಹಂಗೇರಿ, ಸರ್ಬಿಯಾಗಳಂಥ ದೇಶಗಳಿಗೆ ಹೋಗಿ, ನಾರ್ಮ್‌ಗೆಂದೇ ಜೋಡಿಸಿದ ಹತ್ತು ಮಂದಿಯ ಪಂದ್ಯಾವಳಿಗಳಲ್ಲಿ ಆಡಬೇಕು. 2021ರಲ್ಲಿ ಅಮೆರಿಕದ ಅಭಿಮನ್ಯು ಮಿಶ್ರಾ 12 ವರ್ಷ 4 ತಿಂಗಳು 25 ದಿನಕ್ಕೆ ಅತಿ ಕಿರಿಯ ಗ್ರ್ಯಾಂಡ್‌ಮಾಸ್ಟರ್ ಆದದ್ದು ಬುಡಾಪೆಸ್ಟ್‌ನಲ್ಲಿ ತಿಂಗಳುಗಟ್ಟಲೆ ಉಳಿದು ಆಡಿಯೇ. ಪ್ರತಿಭೆ ಇಲ್ಲದೆ ಅದು ಸಾಧ್ಯವಿರಲಿಲ್ಲ, ಅಷ್ಟು ದಿನ ಅಲ್ಲಿ ಇರುವ ಅನುಕೂಲ ಇಲ್ಲದೆಯೂ ಸಾಧ್ಯವಿರಲಿಲ್ಲ. ಚೆನ್ನೈಯ ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರೆ, ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರಿಂದ. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ಆ ಸಾಲಿಗೆ ಸೇರಿದರು. ಚೆನ್ನೈಗೂ ನಮಗೂ ಇದ್ದ ಅಂತರ ಆಟದ ಬುದ್ಧಿಯದಲ್ಲ, ಪಂದ್ಯಾವಳಿಗಳದು ಎಂದೇ ನಾನು ನಂಬಿದ್ದೇನೆ.

ನಾರ್ಮ್ ಬಂದ ದಿನವೇ ಮುಖ್ಯ ತೀರ್ಪುಗಾರರ ಸಹಿ ಇರುವ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಬಿರುದಿನ ಅರ್ಜಿ ಸಾಮಾನ್ಯವಾಗಿ ಎಐಸಿಎಫ್ ಮೂಲಕವೇ ಫಿಡೆಗೆ ಹೋಗಬೇಕು. ಅದಕ್ಕೆ ಪ್ರತ್ಯೇಕ ಶುಲ್ಕವೂ ಇದೆ. ಆನ್‌ಲೈನ್ ಆಟದಿಂದ ಸಿಗುವ ಅರೇನಾ ಬಿರುದುಗಳು ಇವುಗಳಿಗೆ ಸಮವಲ್ಲ.

ಸಂಸ್ಥೆಗಳ ರಾಜಕಾರಣ

ಇಷ್ಟು ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗಿರಬೇಕು: ನೋಂದಣಿ, ಪಂದ್ಯಾವಳಿಯ ಮಾನ್ಯತೆ, ಆಯ್ಕೆ, ಬಿರುದಿನ ಅರ್ಜಿ ಎಲ್ಲವೂ ಒಂದೇ ಸಂಸ್ಥೆಗಳ ಸರಪಳಿಯ ಮೂಲಕ ಹೋಗುತ್ತವೆ. ಸರಪಳಿಯ ಯಾವ ಕೊಂಡಿ ಬಿಗಿದುಕೊಂಡರೂ ನಷ್ಟ ಆಟಗಾರನಿಗೆ.

ಮೇಲಿನ ಹಂತದಲ್ಲಿ ಫಿಡೆಯಲ್ಲಿ ಒಂದು ದೇಶಕ್ಕೆ ಒಂದು ಮತ. ಗ್ರ್ಯಾಂಡ್‌ಮಾಸ್ಟರ್‌ಗಳು ತುಂಬಿರುವ ದೇಶಕ್ಕೂ, ಒಬ್ಬರೂ ಇಲ್ಲದ ಸಣ್ಣ ದ್ವೀಪರಾಷ್ಟ್ರಕ್ಕೂ ತೂಕ ಒಂದೇ. ಆದ್ದರಿಂದ ಅಧ್ಯಕ್ಷ ಸ್ಥಾನ ಆಟಗಾರರ ಮೆಚ್ಚುಗೆಯಿಂದ ಬರುವುದಿಲ್ಲ, ಫೆಡರೇಷನ್‌ಗಳ ಬೆಂಬಲದಿಂದ ಬರುತ್ತದೆ. 1993ರಲ್ಲಿ ಅಂದಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಮತ್ತು ಅವರಿಗೆ ಸವಾಲು ಹಾಕಿದ್ದ ನೈಜೆಲ್ ಶಾರ್ಟ್ ಫಿಡೆಯಿಂದ ಹೊರನಡೆದು ಪಂದ್ಯವಾಡಿದ ಮೇಲೆ ಜಗತ್ತಿಗೆ ಇಬ್ಬರು ವಿಶ್ವ ಚಾಂಪಿಯನ್ನರಾದರು; ಆ ಒಡಕು ಮುಚ್ಚಿದ್ದು 2006ರಲ್ಲಿ. ಅದೇ ಕಾಸ್ಪರೋವ್ 2014ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, 1995ರಿಂದ ಅಧಿಕಾರದಲ್ಲಿದ್ದ ಕಿರ್ಸಾನ್ ಇಲ್ಯುಮ್‌ಜಿನೊವ್ ಎದುರು 61–110 ಮತಗಳಿಂದ ಸೋತರು. 2018ರಲ್ಲಿ ಅರ್ಕಾಡಿ ಡ್ವೊರ್ಕೊವಿಚ್ ಅಧ್ಯಕ್ಷರಾದರು. 2022ರಲ್ಲಿ ಚೆನ್ನೈಯಲ್ಲಿ ಅವರು ಮರು ಆಯ್ಕೆಯಾದಾಗ ವಿಶ್ವನಾಥನ್ ಆನಂದ್ ಉಪಾಧ್ಯಕ್ಷರಾದರು.

ಅವಕಾಶಗಳನ್ನು ಯಾರು ಜೋಡಿಸಿಕೊಡುತ್ತಾರೆ ಎಂಬುದು ಎಷ್ಟು ಮುಖ್ಯವೆಂಬುದಕ್ಕೆ ಎರಡು ಘಟನೆಗಳನ್ನು ನೋಡಿ. 2022ರಲ್ಲಿ, ವಿಶ್ವ ಚಾಂಪಿಯನ್ ಪಟ್ಟಕ್ಕೆ ಆಡುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಾವಳಿಗೆ ರೇಟಿಂಗ್ ಆಧಾರದ ಸ್ಥಾನ ಪಡೆಯಲು ಚೀನಾದ ಡಿಂಗ್ ಲಿರೆನ್ ಅವರಿಗೆ ಮೂವತ್ತು ಆಟಗಳು ಬೇಕಿದ್ದವು. ಅವು ಸಾಲದೆ ಇದ್ದಾಗ ಚೀನಾ ಕೆಲವೇ ವಾರಗಳಲ್ಲಿ ಸಾಲಾಗಿ ಪಂದ್ಯಗಳನ್ನು ಏರ್ಪಡಿಸಿತು. 2023ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಕಡಿಮೆ ಅವಧಿಯಲ್ಲಿ ಏರ್ಪಾಡಾದ ಒಂದು ಬಲವಾದ ಪಂದ್ಯಾವಳಿಯನ್ನು ಗೆದ್ದು ಡಿ. ಗುಕೇಶ್ ಕ್ಯಾಂಡಿಡೇಟ್ಸ್ ಪ್ರವೇಶದ ದಾರಿ ಭದ್ರಪಡಿಸಿಕೊಂಡರು. ಮುಂದಿನ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಅದೇ ಡಿಂಗ್ ಅವರನ್ನು 7.5–6.5ರಿಂದ ಸೋಲಿಸಿ ಹದಿನೆಂಟನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಎರಡೂ ನಿಯಮದೊಳಗೇ ನಡೆದವು, ಇಬ್ಬರ ಸಾಮರ್ಥ್ಯವೂ ನಿಜವಾದದ್ದೇ. ಆದರೆ ತನಗಾಗಿ ಪಂದ್ಯಾವಳಿ ಏರ್ಪಡಿಸಬಲ್ಲ ನಾಡು ಬೆನ್ನಿಗಿರುವ ಆಟಗಾರನಿಗೂ ಇಲ್ಲದವನಿಗೂ ಇರುವ ವ್ಯತ್ಯಾಸ ಅಲ್ಲಿ ಕಾಣಿಸುತ್ತದೆ, ಮತ್ತು ಅದೇ ವ್ಯತ್ಯಾಸ ಬೆಂಗಳೂರಿಗೂ ಹಿರಿಯೂರಿಗೂ ನಡುವೆ ಇದೆ.

ನಮ್ಮ ದೇಶದೊಳಗಿನ ಕಥೆ ಪೋಷಕರಿಗೆ ಇನ್ನೂ ಹತ್ತಿರದ್ದು. ತನ್ನ ಮಾನ್ಯತೆ ಇಲ್ಲದ ಪಂದ್ಯಾವಳಿಗಳಲ್ಲಿ ಆಡುವುದಿಲ್ಲವೆಂದು ಆಟಗಾರರಿಂದ ಮುಚ್ಚಳಿಕೆ ಬರೆಸಿಕೊಂಡು, ಮೀರಿದವರನ್ನು ಎಐಸಿಎಫ್ ನಿಷೇಧಿಸಿದ ಪ್ರಕರಣದಲ್ಲಿ, ಮಾರುಕಟ್ಟೆಯಲ್ಲಿ ನ್ಯಾಯಯುತ ಪೈಪೋಟಿಯನ್ನು ಕಾಯುವ ಭಾರತದ ಸ್ಪರ್ಧಾ ಆಯೋಗ 2018ರ ಜುಲೈನಲ್ಲಿ ಆಟಗಾರರ ಪರವಾಗಿ ತೀರ್ಪು ಕೊಟ್ಟು ಸುಮಾರು 6.92 ಲಕ್ಷ ರೂಪಾಯಿ ದಂಡ ವಿಧಿಸಿತು. ಎಐಸಿಎಫ್‌ನ 2021ರ ಜನವರಿಯ ಅಧ್ಯಕ್ಷ ಚುನಾವಣೆ 33–31 ಮತಗಳ ಅಂತರದಲ್ಲಿ ತೀರ್ಮಾನವಾಯಿತು. 2022ರಲ್ಲಿ ನಡೆದ, ದೇಶಗಳ ತಂಡಗಳು ಆಡುವ ಚೆನ್ನೈ ಚೆಸ್ ಒಲಿಂಪಿಯಾಡ್‌ಗೆ ಎರಡು ತಿಂಗಳೂ ಇಲ್ಲದಿರುವಾಗ ಕಾರ್ಯದರ್ಶಿಯ ಆಯ್ಕೆ ಕೇಂದ್ರ ಸರ್ಕಾರದ ಕ್ರೀಡಾ ಸಂಹಿತೆಗೆ ಅನುಗುಣವಾಗಿಲ್ಲವೆಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಅಧ್ಯಕ್ಷ ಚುನಾವಣೆಯ ಆ ಅರವತ್ತನಾಲ್ಕು ಮತಗಳು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳವು; ರಾಜ್ಯ ಸಂಸ್ಥೆ ನಿಂತಿರುವುದು ಜಿಲ್ಲಾ ಸಂಸ್ಥೆಗಳ ಮೇಲೆ. ಶುಲ್ಕ ಕಟ್ಟುವ ಪೋಷಕರಿಗೆ ಎಲ್ಲಿಯೂ ಮತವಿಲ್ಲ, ಜಿಲ್ಲಾ ಸಂಸ್ಥೆಯ ಸದಸ್ಯರಾದರೆ ಮಾತ್ರ ಉಂಟು.

ಆದ್ದರಿಂದ ಯಾವ ಅರ್ಜಿಗೆ ಸಹಿ ಮಾಡುವ ಮೊದಲೂ ಅದರಲ್ಲಿರುವ ಷರತ್ತುಗಳನ್ನು ಪೂರ್ತಿ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ವಯೋಮಿತಿಯ ರಾಷ್ಟ್ರೀಯ ಸ್ಪರ್ಧೆಗಳಿಗೆ ರಾಜ್ಯದ ಆಯ್ಕೆ ಪಂದ್ಯಾವಳಿಯಲ್ಲಿ ಮೊದಲ ಸ್ಥಾನಗಳನ್ನು ಪಡೆದವರು ರಾಜ್ಯದ ಪರವಾಗಿ ಹೋಗುತ್ತಾರೆ, ಉಳಿದವರು ಹೆಚ್ಚಿನ ಶುಲ್ಕ ಕಟ್ಟಿ ವಿಶೇಷ ಪ್ರವೇಶ ಪಡೆಯುತ್ತಾರೆ. ಈ ಎರಡರ ವ್ಯತ್ಯಾಸವನ್ನು ಮುಚ್ಚಿಟ್ಟು “ರಾಷ್ಟ್ರಮಟ್ಟಕ್ಕೆ ಆಯ್ಕೆ” ಎಂದು ಹೇಳುವವರನ್ನು ಬರಹದಲ್ಲಿ ಕೇಳಿ. ಜಿಲ್ಲಾ ಆಯ್ಕೆಯ ಪ್ರಕಟಣೆ ಎಷ್ಟು ದಿನ ಮುಂಚೆ ಬಂತು, ಹರಿಹರ, ಹೊನ್ನಾಳಿ, ಜಗಳೂರಿನ ಶಾಲೆಗಳಿಗೆ ತಲುಪಿತೇ ಎಂದೂ ಕೇಳಿ. ಪ್ರಕಟಣೆ ನಗರದ ಒಂದೆರಡು ತರಬೇತಿ ಕೇಂದ್ರಗಳ ಗುಂಪುಗಳಲ್ಲಿ ಮಾತ್ರ ಹರಿದಾಡಿದರೆ ಉಳಿದ ತಾಲ್ಲೂಕಿನ ಮಗು ಆಡುವ ಮೊದಲೇ ಸೋತಿರುತ್ತದೆ. ಜಿಲ್ಲಾ ಸಂಸ್ಥೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ನೋಂದಾಯಿತವಾಗಿದ್ದರೆ ಅದು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕಪತ್ರವನ್ನು ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಬೈಲಾದಲ್ಲಿ ಸದಸ್ಯತ್ವದ ಷರತ್ತು ಏನಿದೆ ಎಂದು ನೋಡಿ, ಶುಲ್ಕ ಕಟ್ಟಿ, ರಸೀದಿ ಪಡೆದು ಸದಸ್ಯರಾಗಿ. ನಂತರ ಮೊದಲ ಸರ್ವಸದಸ್ಯರ ಸಭೆಯಲ್ಲಿ ಇಡಬೇಕಾದ ಬೇಡಿಕೆ ಒಂದೇ: ದಾವಣಗೆರೆ ಮತ್ತು ಚಿತ್ರದುರ್ಗ ಸೇರಿ ವರ್ಷಕ್ಕೆ ಒಂದಾದರೂ ಸ್ಟ್ಯಾಂಡರ್ಡ್ ರೇಟಿಂಗ್ ಪಂದ್ಯಾವಳಿಯನ್ನು, ಶಾಲೆಗಳ ದಸರಾ ಅಥವಾ ಬೇಸಿಗೆ ರಜೆಯಲ್ಲಿ, ಹೊರಜಿಲ್ಲೆಗಳ ಬಲವಾದ ಆಟಗಾರರನ್ನು ಕರೆಸಿ ನಡೆಸಬೇಕು.